ಮೂಗು ಮುಚ್ಚಿಕೊಂಡ ಚೀಸೇ ಈಗ ಬೇಕು ಅನ್ನಿಸುವುದೇಕೆ?

ಪ್ರಶ್ನೆ: ನನಗೀಗ 36 ವರ್ಷ. ಆರು ವರ್ಷದ ಹಿಂದೆ ಕೆಲಸಕ್ಕೆಂದು ಬೇರೆ ದೇಶಕ್ಕೆ ಬಂದೆ. ಮೊದಲ ವಾರವೇ ಆಫೀಸಿನ ಊಟದ ಟೇಬಲ್ ಮೇಲೆ ಒಂದು ಚೀಸ್ ಇಟ್ಟಿದ್ದರು. ಹೊರಗೆ ಕಿತ್ತಳೆ ಬಣ್ಣದ ಅಂಟಂಟು ಸಿಪ್ಪೆ, ಒಳಗೆ ಬೆಣ್ಣೆಯ ಹಾಗೆ ಮೆತ್ತಗೆ. ವಾಸನೆ ಮಾತ್ರ ಒಗೆಯದ ಕಾಲುಚೀಲದ್ದು. ಹೊಟ್ಟೆ ತೊಳಸಿ ಎದ್ದು ಹೋಗಿದ್ದೆ. ಈಗ ಆ ಚೀಸ್ ಇಲ್ಲದ ವಾರ ಏನೋ ಕಳೆದುಕೊಂಡ ಹಾಗಿರುತ್ತೆ. ಹಾಲು ಹಾಕದ ಕಾಫಿ, ಆಲಿವ್ ಎಲ್ಲ ಹೀಗೇ ಆಯ್ತು. ಹೋದ ಸಲ ಊರಿಗೆ ಹೋದಾಗ ಅಮ್ಮ, "ನಿನ್ನ ನಾಲಿಗೆನೇ ಕೆಟ್ಟು ಹೋಗಿದೆ ಕಣೇ, ನನ್ನ ಅಡುಗೆ ಇನ್ನು ನಿಂಗೆ ರುಚಿಸಲ್ಲ" ಅಂದರು. ನಗುತ್ತಲೇ ಅಂದರು, ಆದರೆ ಅವರಿಗೆ ಬೇಜಾರಾಗಿತ್ತು. ಇತ್ತ ನನ್ನ ಯಜಮಾನರು ನನ್ನ ಜೊತೆಗೇ ಬಂದವರು. ಆ ಚೀಸನ್ನು ಇವತ್ತಿಗೂ ಬಾಯಿಗೆ ಇಟ್ಟಿಲ್ಲ, ಫ್ರಿಜ್ ತೆಗೆದರೆ ಮುಖ ತಿರುಗಿಸುತ್ತಾರೆ. ನಾಲಿಗೆ ನಿಜವಾಗಿ ಬದಲಾಗುತ್ತಾ? ನನಗೆ ಆದದ್ದು ಅವರಿಗೆ ಯಾಕೆ ಆಗಲಿಲ್ಲ?

ಉತ್ತರ: ನಿಮ್ಮ ನಾಲಿಗೆ ಕೆಟ್ಟಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಚೀಸಿಗಿಂತ ಅಮ್ಮನ ಆ ಮಾತೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅನ್ನಿಸಿತು. ನಾಲಿಗೆ ಅಲ್ಪಸ್ವಲ್ಪ ಬದಲಾಗಿರಬಹುದು. ಆ ಮಾತಿಗೆ ಆಮೇಲೆ ಬರುತ್ತೇನೆ. ಆದರೆ ನಿಮ್ಮಲ್ಲಿ ಆಗಿರುವ ದೊಡ್ಡ ಬದಲಾವಣೆ ಬೇರೆ. ಆರು ವರ್ಷದ ಹಿಂದೆ ನಿಮ್ಮ ಮೈ ಆ ಚೀಸನ್ನು ನಂಬಿರಲಿಲ್ಲ. ಈಗ ನಂಬುತ್ತದೆ. ಇಷ್ಟಪಟ್ಟು ತಿನ್ನುವುದರ ಕೆಳಗೆ ಯಾವಾಗಲೂ ಈ ನಂಬಿಕೆ ಇರುತ್ತದೆ. ಇಪ್ಪತ್ತು ವರ್ಷದಿಂದ ಈ ವಿಷಯವನ್ನೇ ಪಾಠ ಮಾಡುತ್ತಾ ಬಂದಿರುವ ನನಗೆ ಬರಬರುತ್ತಾ ಗಟ್ಟಿಯಾದ ಅಭಿಪ್ರಾಯ ಇದು.

ಹುಟ್ಟುವಾಗ ನಾವು ತರುವ ಇಷ್ಟಾನಿಷ್ಟಗಳು ಬಹಳ ಕಡಿಮೆ. ಹುಟ್ಟಿ ಕೆಲವೇ ಗಂಟೆ ಆಗಿರುವ ಮಗುವಿನ ನಾಲಿಗೆಗೆ ಸಿಹಿ ತಾಗಿಸಿದರೆ ಮುಖ ಸಡಿಲವಾಗಿ ಚೀಪಲು ಶುರು ಮಾಡುತ್ತದೆ. ಕಹಿ ತಾಗಿಸಿದರೆ ಬಾಯಿ ಅಗಲಿಸಿ ಹೊರಗೆ ತಳ್ಳುತ್ತದೆ. ಸಿಹಿ ಅಂದರೆ ಶಕ್ತಿ, ಕಹಿ ಅಂದರೆ ವಿಷ ಇರಬಹುದು ಎನ್ನುವ ಲೆಕ್ಕ ಅದು. ಗಿಡಗಳಲ್ಲಿರುವ ಎಷ್ಟೋ ವಿಷಗಳು ಕಹಿಯಾಗಿರುತ್ತವೆ. ಹಾಗಾಗಿ ಕಹಿಯನ್ನು ಹಿಡಿಯಲಿಕ್ಕೆಂದೇ ನಮ್ಮಲ್ಲಿ ಸುಮಾರು 25 ಬಗೆಯ ಗ್ರಾಹಕಗಳು, ಅಂದರೆ ತಾಗಿದ್ದನ್ನು ಗುರುತಿಸಿ ಮೆದುಳಿಗೆ ಸುದ್ದಿ ಮುಟ್ಟಿಸುವ ಪ್ರೋಟೀನುಗಳು ಇವೆ. ಈ ಲೆಕ್ಕದಲ್ಲಿ ನೋಡಿದರೆ ಕಾಫಿ, ಆಲಿವ್, ಕಡು ಚಾಕೊಲೇಟ್ ಯಾವುದನ್ನೂ ಮನುಷ್ಯ ತಿನ್ನಲೇಬಾರದಿತ್ತು. ಗಿಡದಿಂದ ಕಿತ್ತ ಹಸಿ ಆಲಿವ್ ಕಚ್ಚಿ ನೋಡಿದವರಿಗೆ ಗೊತ್ತು, ನುಂಗಲು ಆಗದಷ್ಟು ಕಹಿ. ಅದನ್ನು ವಾರಗಟ್ಟಲೆ ಉಪ್ಪುನೀರಿನಲ್ಲಿ ನೆನೆಸಿ ಕಹಿ ಇಳಿಸಿ, ಉಳಿದ ಕಹಿಯನ್ನು ಇಷ್ಟಪಡಲು ಕಲಿತವರು ನಾವು.

ವಾಸನೆಯ ವಿಷಯದಲ್ಲಂತೂ ಹೆಚ್ಚುಕಮ್ಮಿ ಎಲ್ಲವೂ ಕಲಿತದ್ದೇ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದ್ದು. ಮೊದಲ ಪಾಠದ ದಿನ ನಾನು ಎಲ್ಲರ ಕೈಗೂ ಒಂದೊಂದು ಹಣ್ಣಿನ ಪರಿಮಳದ ಮಿಠಾಯಿ ಕೊಡುತ್ತೇನೆ. ಕಣ್ಣು ಮುಚ್ಚಿ, ಮೂಗು ಗಟ್ಟಿಯಾಗಿ ಹಿಡಿದು ಬಾಯಿಗೆ ಹಾಕಿಕೊಳ್ಳಿ, ಯಾವ ಹಣ್ಣು ಹೇಳಿ ಅನ್ನುತ್ತೇನೆ. "ಸಿಹಿ ಇದೆ, ಸ್ವಲ್ಪ ಹುಳಿ ಇದೆ, ಅಷ್ಟೇ" ಅನ್ನುತ್ತಾರೆ. ಈಗ ಮೂಗು ಬಿಡಿ ಅನ್ನುತ್ತೇನೆ. ಬಿಟ್ಟ ಕ್ಷಣ ಇಡೀ ಕೋಣೆಯಲ್ಲಿ "ಓ!" ಅನ್ನುವ ಸದ್ದು ಏಳುತ್ತದೆ. ಕಿತ್ತಳೆ! ಬಾಯಲ್ಲಿದ್ದ ಮಿಠಾಯಿ ಬದಲಾಗಿಲ್ಲ. ಅದರ ಗಾಳಿ ಗಂಟಲ ಹಿಂದಿನಿಂದ ಮೂಗಿಗೆ ಏರಿತು, ಅಷ್ಟೇ. ಮೂಗಿಗೆ ಎರಡು ಬಾಗಿಲು ಇದೆ ಅಂದುಕೊಳ್ಳಿ. ಮುಂಬಾಗಿಲಿಂದ ಬರುವುದು ವಾಸನೆ. ಹಿಂಬಾಗಿಲಿಂದ, ಅಗಿಯುವಾಗ ನುಂಗುವಾಗ ಬರುವುದು ನಮಗೆ ರುಚಿ ಅನ್ನಿಸುತ್ತದೆ. ಈ ಎರಡು ಬಾಗಿಲ ವಿಷಯ ನೆನಪಿಟ್ಟುಕೊಳ್ಳಿ, ನಿಮ್ಮ ಯಜಮಾನರ ಬಗ್ಗೆ ಹೇಳುವಾಗ ಬೇಕಾಗುತ್ತದೆ.

ಈಗ ನಿಮ್ಮ ಚೀಸ್. ಕಾಲುಚೀಲದ ವಾಸನೆ ಅಂದಿರಲ್ಲ, ಅದು ಉಪಮೆಯಲ್ಲ, ನಿಜ. ಅಂಥ ಚೀಸನ್ನು ಮಾಗಿಸುವಾಗ ಹೊರಮೈಯನ್ನು ಮತ್ತೆ ಮತ್ತೆ ಉಪ್ಪುನೀರಲ್ಲಿ ಒರೆಸುತ್ತಾರೆ. ಆ ಒದ್ದೆ ಉಪ್ಪು ಮೈಯಲ್ಲಿ ಬ್ರೆವಿಬ್ಯಾಕ್ಟೀರಿಯಂ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇದರ ಹತ್ತಿರದ ಸಂಬಂಧಿಗಳೇ ಮನುಷ್ಯರ ಪಾದದ ಬೆರಳ ಸಂದಿಯಲ್ಲೂ ಇರುವುದು. ಮಲೇರಿಯಾ ಹರಡುವ ಒಂದು ಜಾತಿಯ ಸೊಳ್ಳೆಗೆ ಪಾದದ ವಾಸನೆ ಇಷ್ಟ. 1990ರ ದಶಕದಲ್ಲಿ ಬಾರ್ಟ್ ಕ್ನೋಲ್ಸ್ ಅನ್ನುವ ಡಚ್ ವಿಜ್ಞಾನಿ, ಆ ಸೊಳ್ಳೆ ಇಂಥದ್ದೇ ಲಿಂಬರ್ಗರ್ ಚೀಸಿನ ವಾಸನೆಗೂ ಬರುತ್ತದೆ ಅಂತ ತೋರಿಸಿದರು. ನಿಮ್ಮ ಮೂಗು ಮೊದಲ ದಿನ ತಪ್ಪೇನೂ ಮಾಡಿರಲಿಲ್ಲ. ಅದು ಸರಿಯಾಗಿಯೇ ಗುರುತಿಸಿತ್ತು.

ಹಾಗಾದರೆ ಅದೇ ವಾಸನೆ ಈಗ ಹೇಗೆ ಚೆನ್ನಾಗಿದೆ? 2001ರಲ್ಲಿ ರೇಚಲ್ ಹರ್ಜ್ ಮತ್ತು ಜೂಲಿಯಾ ಫಾನ್ ಕ್ಲೆಫ್ ಪ್ರಕಟಿಸಿದ ಒಂದು ಪ್ರಯೋಗ ಇದೆ. ಐಸೋವ್ಯಾಲೆರಿಕ್ ಆಮ್ಲ, ಬ್ಯುಟಿರಿಕ್ ಆಮ್ಲ ಅನ್ನುವ ಎರಡು ನಾರುವ ರಾಸಾಯನಿಕಗಳನ್ನು ಬೆರೆಸಿ ಜನರಿಗೆ ಮೂಸಲು ಕೊಟ್ಟರು. ಒಂದು ಸಲ "ಇದು ಪಾರ್ಮೆಸಾನ್ ಚೀಸ್" ಅಂದರು. ಇನ್ನೊಂದು ಸಲ "ಇದು ವಾಂತಿ" ಅಂದರು. ಒಂದೇ ದ್ರವ. ಚೀಸ್ ಅಂದಾಗ ಚೆನ್ನಾಗಿದೆ ಅಂದರು, ವಾಂತಿ ಅಂದಾಗ ಅಸಹ್ಯಪಟ್ಟರು. 2005ರಲ್ಲಿ ಇನ್ನೊಂದು ತಂಡ ಇಂಥದ್ದೇ ಪ್ರಯೋಗವನ್ನು ಜನರನ್ನು ಮೆದುಳಿನ ಸ್ಕ್ಯಾನರಿನಲ್ಲಿ ಮಲಗಿಸಿ ಮಾಡಿತು. ಒಂದು ಹೆಸರು ಚೆಡ್ಡರ್ ಚೀಸ್, ಇನ್ನೊಂದು ಮೈ ಬೆವರಿನ ನಾತ. ಹೆಸರು ಬದಲಾದಾಗ, ಸುಖವನ್ನು ಅಳೆಯುವ ಮೆದುಳಿನ ಭಾಗದ ಚಟುವಟಿಕೆಯೂ ಬದಲಾಯಿತು. ಅಂದರೆ ಜನ ಮಾತಿಗೆ ಸುಮ್ನೆ ಹಾಗೆ ಹೇಳಲಿಲ್ಲ, ಅವರ ಅನುಭವವೇ ಬೇರೆಯಾಗಿತ್ತು. ನಿಮಗೆ ಈಗ ಆ ವಾಸನೆ ಬಂದ ಕೂಡಲೇ ಮೆದುಳು "ಚೀಸ್" ಅನ್ನುತ್ತದೆ. ಆರು ವರ್ಷದ ಹಿಂದೆ ಅದು "ಕಾಲುಚೀಲ" ಅನ್ನುತ್ತಿತ್ತು.

ಈ ಹೊಸ ಹೆಸರು ಅಂಟಿಕೊಳ್ಳಲು ಇಷ್ಟು ದಿನ ಯಾಕೆ ಬೇಕು ಅನ್ನುವುದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಕೊಆಲಾ ತಿನ್ನುವುದು ಹೆಚ್ಚುಕಮ್ಮಿ ನೀಲಗಿರಿ ಎಲೆ ಒಂದನ್ನೇ. ಅದಕ್ಕೆ ಊಟದ ಚಿಂತೆ ಇಲ್ಲ. ಮನುಷ್ಯ ಮತ್ತು ಇಲಿ ಎಲ್ಲವನ್ನೂ ತಿನ್ನುವ ಪ್ರಾಣಿಗಳು. ಹೊಸದನ್ನು ತಿನ್ನದಿದ್ದರೆ ಹಸಿವಿನಿಂದ ಸಾಯಬಹುದು, ತಿಂದರೆ ವಿಷದಿಂದ ಸಾಯಬಹುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ರೋಜಿನ್ ಎಲ್ಲವನ್ನೂ ತಿನ್ನುವ ಪ್ರಾಣಿಯ ಈ ಇಕ್ಕಟ್ಟಿನ ಬಗ್ಗೆ 1970ರ ದಶಕದಲ್ಲೇ ಬರೆದರು. ಇಲಿ ಇದಕ್ಕೆ ಕಂಡುಕೊಂಡ ದಾರಿ ನೋಡಿ. ಹೊಸ ಆಹಾರ ಕಂಡರೆ ಒಂದು ಚೂರು ಮಾತ್ರ ಕಚ್ಚುತ್ತದೆ. ಆಮೇಲೆ ಕಾಯುತ್ತದೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ, ಹಾಗಾಗಿ ಈ ಎಚ್ಚರಿಕೆ ಅದಕ್ಕೆ ಜೀವದ ಪ್ರಶ್ನೆ. ಏನೂ ಆಗದಿದ್ದರೆ ಮುಂದಿನ ಸಲ ಸ್ವಲ್ಪ ಜಾಸ್ತಿ. ನಾವೂ ಮಾಡುವುದು ಇದನ್ನೇ.

ಹೊಟ್ಟೆ ಕೆಟ್ಟರೆ ಮಾತ್ರ ಕಥೆ ಒಂದೇ ಏಟಿಗೆ ಮುಗಿಯುತ್ತದೆ. 1955ರಲ್ಲಿ ಜಾನ್ ಗಾರ್ಸಿಯಾ ಮತ್ತು ಅವರ ಜೊತೆಗಾರರು ಇಲಿಗಳಿಗೆ ಸ್ಯಾಕರಿನ್ ಹಾಕಿದ ಸಿಹಿ ನೀರು ಕುಡಿಸುತ್ತಾ, ವಿಕಿರಣದಿಂದ ಅವುಗಳ ಆರೋಗ್ಯ ಕೆಡುವ ಹಾಗೆ ಮಾಡಿದರು. ಆಮೇಲೆ ಆ ಇಲಿಗಳು ಸಿಹಿ ನೀರನ್ನು ದೂರ ಇಟ್ಟವು. ಕಾಯಿಲೆಗೆ ಕಾರಣ ನೀರಲ್ಲ, ಆದರೂ ಮೈ ದೂರಿದ್ದು ನೀರನ್ನೇ. ಮನುಷ್ಯರಲ್ಲೂ ಇದು ಹಾಗೇ. 1978ರಲ್ಲಿ ಐಲೀನ್ ಬರ್ನ್‌ಸ್ಟೈನ್ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದ ಮಕ್ಕಳಿಗೆ, ಹೊಟ್ಟೆ ತೊಳಸುವ ಔಷಧಿ ಕೊಡುವ ಮೊದಲು ಒಂದು ಹೊಸ ಬಗೆಯ ಐಸ್‌ಕ್ರೀಮ್ ಕೊಟ್ಟರು. ಮುಂದೆ ಆ ಮಕ್ಕಳಲ್ಲಿ ಬಹಳ ಮಂದಿ ಆ ಐಸ್‌ಕ್ರೀಮನ್ನು ಬೇಡವೆಂದರು. ನನಗೆ ಹತ್ತು ವರ್ಷವಿದ್ದಾಗ ಜ್ವರದಲ್ಲಿ ಅನಾನಸ್ ಜಾಮ್ ತಿಂದು ವಾಂತಿಯಾಗಿತ್ತು. ಜಾಮಿನ ತಪ್ಪೇನಿಲ್ಲ ಅಂತ ತಲೆಗೆ ಚೆನ್ನಾಗಿ ಗೊತ್ತು. ಗಂಟಲಿಗೆ ಇವತ್ತಿಗೂ ಗೊತ್ತಿಲ್ಲ. ತಲೆ ತಿಳಿದುಕೊಂಡದ್ದು ಗಂಟಲವರೆಗೆ ಇಳಿಯುವುದೇ ಇಲ್ಲ, ಇದು ಆ ಬಗೆಯ ಕಲಿಕೆ.

ದ್ವೇಷಕ್ಕೆ ಒಂದು ಸಲ ಸಾಕು, ಪ್ರೀತಿಗೆ ಹತ್ತಾರು ಸಲ ಬೇಕು. ಈ ಅಂತರ ಸರಿಯಾದದ್ದೇ. ವಿಷವನ್ನು ಎರಡನೇ ಸಲ ಪರೀಕ್ಷೆ ಮಾಡಲು ಯಾರೂ ಉಳಿದಿರುವುದಿಲ್ಲ ಅಲ್ವಾ.

ಮತ್ತೆ ಮತ್ತೆ ಎದುರಾದದ್ದು ಸುಮ್ಮನೆ ಎದುರಾದ ಕಾರಣಕ್ಕೇ ಇಷ್ಟವಾಗತೊಡಗುತ್ತದೆ ಅಂತ 1968ರಲ್ಲಿ ರಾಬರ್ಟ್ ಜಾಯಂಟ್ಸ್ ತೋರಿಸಿದರು. ಅವರು ಬಳಸಿದ್ದು ಅರ್ಥವಿಲ್ಲದ ಪದಗಳು, ಮುಖದ ಫೋಟೋಗಳು. ಊಟದ ವಿಷಯದಲ್ಲಿ ಇದನ್ನು ಅಂದವಾಗಿ ಪರೀಕ್ಷಿಸಿದವರು ಲೀಆನ್ ಬರ್ಚ್. 1982ರ ಅವರ ಪ್ರಯೋಗದಲ್ಲಿ ಎರಡು ವರ್ಷದ ಮಕ್ಕಳಿಗೆ ಗೊತ್ತಿಲ್ಲದ ಚೀಸ್‌ಗಳನ್ನು, ಗೊತ್ತಿಲ್ಲದ ಹಣ್ಣುಗಳನ್ನು ಕೊಟ್ಟರು. ಕೆಲವನ್ನು 2 ಸಲ, ಕೆಲವನ್ನು 5, 10, 15, 20 ಸಲ. ಕೊನೆಗೆ ಎರಡೆರಡನ್ನು ಮುಂದಿಟ್ಟು ಯಾವುದು ಬೇಕು ಅಂತ ಕೇಳಿದರೆ ಮಕ್ಕಳು ಸಾಮಾನ್ಯವಾಗಿ ಜಾಸ್ತಿ ಸಲ ತಿಂದದ್ದನ್ನೇ ತೋರಿಸಿದರು. ಯಾರೂ ಹೊಗಳಲಿಲ್ಲ, ಬಹುಮಾನ ಕೊಡಲಿಲ್ಲ. 1987ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆಲವು ಹಣ್ಣನ್ನು ಮಕ್ಕಳು ಬರೀ ನೋಡಿದರು, ಕೆಲವನ್ನು ತಿಂದರು. ನೋಡಿದ ಹಣ್ಣು ನೋಡಲು ಇಷ್ಟವಾಯಿತು. ರುಚಿ ಇಷ್ಟವಾಗಲು ಬಾಯಿಗೆ ಹೋಗಲೇಬೇಕಾಯಿತು.

ಈ ಪರಿಚಯದ ಜೊತೆಗೆ ಹೊಟ್ಟೆಯೂ ತನ್ನ ಮಾತು ಸೇರಿಸುತ್ತದೆ. ಆಂಥೊನಿ ಸ್ಕ್ಲಫಾನಿ ಎನ್ನುವವರು ಇಲಿಗಳ ಮೇಲೆ ಮಾಡಿದ ಕೆಲಸ ಇದನ್ನು ಸೊಗಸಾಗಿ ತೋರಿಸುತ್ತದೆ. ಇಲಿ ಒಂದು ಪರಿಮಳದ ನೀರು ಕುಡಿಯುವಾಗ, ಅದರ ಬಾಯಿಗೆ ಗೊತ್ತಾಗದ ಹಾಗೆ ಕೊಳವೆಯಿಂದ ನೇರ ಹೊಟ್ಟೆಗೆ ಪೌಷ್ಟಿಕ ದ್ರವ ಬಿಡುತ್ತಾರೆ. ಇನ್ನೊಂದು ಪರಿಮಳದ ಜೊತೆ ಬರೀ ನೀರು. ಕೆಲವೇ ದಿನಕ್ಕೆ ಇಲಿ ಮೊದಲನೆಯದನ್ನೇ ಬಯಸುತ್ತದೆ. ಶಕ್ತಿ ತಂದ ಪರಿಮಳವನ್ನು ಮೈ ಗುರುತಿಟ್ಟುಕೊಂಡಿತು. ನಿಮ್ಮ ಚೀಸಿನಲ್ಲಿ ಕೊಬ್ಬಿದೆ, ಪ್ರೋಟೀನ್ ಇದೆ, ಉಪ್ಪಿದೆ. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಗುರುತಿಸಿದ ಉಮಾಮಿ, ಅಂದರೆ ಮಾಂಸದ ಸಾರಿನಲ್ಲಿರುವಂಥ ರುಚಿಯೂ ಮಾಗಿದ ಚೀಸಿನಲ್ಲಿ ಧಾರಾಳವಾಗಿರುತ್ತದೆ. ಹಸಿದ ಮಧ್ಯಾಹ್ನಗಳಲ್ಲಿ ಇದು ಹೊಟ್ಟೆಗೆ ಹೋದಾಗೆಲ್ಲ ಮೈ ಒಂದೊಂದು ಒಪ್ಪಿಗೆ ಹಾಕಿದೆ.

ಕಾಫಿಯದ್ದೂ ಇದೇ ದಾರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಮಾರ್ಟಿನ್ ಯೋಮನ್ಸ್, ಹೊಸ ಪರಿಮಳದ ಚಹಾಗೆ ಗುಟ್ಟಾಗಿ ಕೆಫೀನ್ ಬೆರೆಸಿ ಕೊಟ್ಟು ನೋಡಿದರು. ದಿನಾ ಕೆಫೀನ್ ಸೇವಿಸುವ ಅಭ್ಯಾಸವಿದ್ದು, ಅವತ್ತು ಇನ್ನೂ ಕುಡಿಯದೆ ಬಂದವರಿಗೆ ಆ ಪರಿಮಳ ದಿನದಿನಕ್ಕೂ ಜಾಸ್ತಿ ಇಷ್ಟವಾಯಿತು. ಅವರು ಇಷ್ಟಪಟ್ಟದ್ದು ಪರಿಮಳವನ್ನು, ಆದರೆ ಅದಕ್ಕೆ ಕಾರಣ ತಲೆ ಹಗುರ ಮಾಡಿದ ಕೆಫೀನ್. ಜೊತೆಗೆ ಸಕ್ಕರೆಯ ಉಪಕಾರವೂ ಇದೆ. 1983ರಲ್ಲಿ ಡೆಬ್ರಾ ಜೆಲ್ನರ್ ಮತ್ತು ರೋಜಿನ್ ಬಳಗದ ಪ್ರಯೋಗದಲ್ಲಿ, ಸಿಹಿ ಹಾಕಿ ಕುಡಿಸಿದ ಚಹಾ ಮುಂದೆ ಸಿಹಿ ಇಲ್ಲದೆ ಕೊಟ್ಟಾಗಲೂ ಹೆಚ್ಚು ಇಷ್ಟವಾಯಿತು. ಬಹಳ ಮಂದಿ ಹಾಲು ಸಕ್ಕರೆ ಹಾಕಿದ ಕಾಫಿಯಿಂದ ಶುರು ಮಾಡಿ ಒಂದೊಂದನ್ನೇ ಬಿಡುತ್ತಾ ಬರುವುದು ಇದೇ ಕಾರಣಕ್ಕೆ. ನೀವೂ ಹಾಗೇ ಮಾಡಿದ್ದಿರಬಹುದು.

ಈಗ ಅಮ್ಮನ ಮಾತಿನಲ್ಲಿರುವ ನಿಜದ ಪಾಲು. ಬಾಯಿ ಸ್ವಲ್ಪ ಬದಲಾಗುತ್ತದೆ, ಹೌದು. ಪರ್ಡ್ಯೂ ವಿಶ್ವವಿದ್ಯಾಲಯದ ಕಾರ್ಡೀಲಿಯಾ ರನ್ನಿಂಗ್ ಅವರ ತಂಡ, ಜನರಿಗೆ ಒಂದು ವಾರ ದಿನಕ್ಕೆ 3 ಸಲ ಚಾಕೊಲೇಟ್ ಹಾಕಿದ ಬಾದಾಮಿ ಹಾಲು ಕುಡಿಸಿತು. ವಾರ ಕಳೆಯುವಷ್ಟರಲ್ಲಿ ಜೊಲ್ಲಿನಲ್ಲಿರುವ ಕೆಲವು ಪ್ರೋಟೀನುಗಳು ಬದಲಾದವು, ಅದರ ಜೊತೆಗೇ ಕಹಿ, ಒಗರು ಕಡಿಮೆ ಅನ್ನಿಸಿತು. ಉಪ್ಪಿನದ್ದೂ ಹಾಗೇ. 1982ರ ಒಂದು ಅಧ್ಯಯನದಲ್ಲಿ 5 ತಿಂಗಳು ಉಪ್ಪು ಕಡಿಮೆ ಮಾಡಿ ಉಂಡವರಿಗೆ, ಮೊದಲು ಹಿತವಾಗಿದ್ದ ಉಪ್ಪು ಆಮೇಲೆ ಜಾಸ್ತಿ ಅನ್ನಿಸತೊಡಗಿತು. ಆದರೆ ಇವೆಲ್ಲ ತಾತ್ಕಾಲಿಕ ಬದಲಾವಣೆಗಳು. ಅಭ್ಯಾಸ ಬದಲಾದರೆ ಇವೂ ಹಿಂದಕ್ಕೆ ಹೋಗುತ್ತವೆ. ಇದನ್ನು ಕೆಟ್ಟು ಹೋಗುವುದು ಅನ್ನಲಾಗದು.

ಖಾರದ್ದು ಬೇರೆಯೇ ಕಥೆ, ಅದನ್ನು ಬಿಟ್ಟು ಈ ಮಾತು ಮುಗಿಸಲು ನನಗೆ ಮನಸ್ಸಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡಗಳದ್ದು. 1492ರ ಮೊದಲು ಏಷ್ಯಾ, ಆಫ್ರಿಕಾ, ಯುರೋಪಿನಲ್ಲಿ ಯಾರೂ ಅದರ ರುಚಿ ಕಂಡಿರಲಿಲ್ಲ. ಖಾರ ರುಚಿಯೂ ಅಲ್ಲ, ನೋವು. ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಗುರುತಿಸಿದ ಒಂದು ಗ್ರಾಹಕ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ಎಚ್ಚರಿಸುವುದು ಅದರ ಕೆಲಸ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ತಾಗಿದರೂ ಅದು ಹಾಗೇ ಕೂಗುತ್ತದೆ. ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಬಾಯಿ ಸುಡುತ್ತಿದೆ ಅಂತ ಮೈ ಹೇಳುತ್ತಿದ್ದರೂ ಮತ್ತೊಂದು ತುತ್ತು ಎತ್ತುತ್ತೇವೆ. ರೋಜಿನ್ ಮೆಕ್ಸಿಕೊದ ಹಳ್ಳಿಯೊಂದರಲ್ಲಿ ಇದನ್ನೇ ನೋಡಿದರು. ಅಲ್ಲಿ ಮಕ್ಕಳಿಗೆ ಯಾರೂ ಖಾರ ಬಲವಂತವಾಗಿ ತಿನ್ನಿಸುತ್ತಿರಲಿಲ್ಲ. ದೊಡ್ಡವರು, ಅಣ್ಣಅಕ್ಕಂದಿರು ದಿನಾ ತಿನ್ನುವುದನ್ನು ನೋಡುತ್ತಾ, ಒಂದು ವಯಸ್ಸಿಗೆ ಬಂದಾಗ ತಾವಾಗಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಅದೇ ಮನೆಗಳ ಖಾರದ ಎಂಜಲು ತಿಂದು ಬೆಳೆದ ನಾಯಿಗಳಿಗೆ, ಹಂದಿಗಳಿಗೆ ಈ ಇಷ್ಟ ಹುಟ್ಟಿರಲಿಲ್ಲ. ತಿಂದ ಲೆಕ್ಕ ಒಂದೇ ಆಗಿದ್ದರೂ ಹೀಗಾಯಿತು. ನಿಜವಾದ ಅಪಾಯವಿಲ್ಲ ಅಂತ ತಿಳಿದ ನೋವನ್ನು ಸುಖವಾಗಿ ಅನುಭವಿಸುವುದು ಇದು ಅಂತ ರೋಜಿನ್ ವಿವರಿಸುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಅಣ್ಣಅಕ್ಕಂದಿರು.

ಯಾಕೆಂದರೆ ಜೊತೆಯಲ್ಲಿ ಯಾರಿದ್ದರು ಅನ್ನುವುದೇ ಇಲ್ಲಿ ಬಹಳ ಸಲ ತೀರ್ಮಾನ ಮಾಡುತ್ತದೆ. 1769ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಜೇಮ್ಸ್ ಕುಕ್ ತನ್ನ ಎಂಡೆವರ್ ಹಡಗಿನ ಬಗ್ಗೆ ದಿನಚರಿಯಲ್ಲಿ ಬರೆದ ಸಂಗತಿ ಕೇಳಿ. ಸ್ಕರ್ವಿ ರೋಗ ಬಾರದಿರಲಿ ಅಂತ ಅವನು ಸಾವರ್‌ಕ್ರೌಟ್, ಅಂದರೆ ಉಪ್ಪು ಹಾಕಿ ಹುಳಿ ಬರಿಸಿದ ಎಲೆಕೋಸು, ಹಡಗಿಗೆ ತುಂಬಿಸಿದ್ದ. ನಾವಿಕರು ಮುಟ್ಟಲಿಲ್ಲ. ಕುಕ್ ಬಲವಂತ ಮಾಡಲಿಲ್ಲ. ದಿನಾ ಅಧಿಕಾರಿಗಳ ಊಟಕ್ಕೆ ಅದನ್ನು ಬಡಿಸುವ ಹಾಗೆ ಮಾಡಿದ. ಅಧಿಕಾರಿಗಳೆಲ್ಲ ತಿನ್ನಬಹುದು, ನಾವಿಕರು ಬೇಕಾದರೆ ತಿನ್ನಲಿ, ಬೇಡವಾದರೆ ಬಿಡಲಿ. ಒಂದು ವಾರ ಹಿಡಿಯಲಿಲ್ಲ. ಪ್ರತಿಯೊಬ್ಬರಿಗೂ ಇಷ್ಟೇ ಅಂತ ಅಳೆದು ಕೊಡಬೇಕಾಯಿತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಇದನ್ನೇ ಅಳತೆ ಮಾಡಿ ನೋಡಿದರು. ಒಳ್ಳೆ ಮಾಂಸ ಸೈನಿಕರಿಗೆ ಹೋಗುತ್ತಿತ್ತು. ಮನೆಗಳಲ್ಲಿ ಗುಂಡಿಗೆ, ಕಿಡ್ನಿಯಂಥವನ್ನು ಅಡುಗೆ ಮಾಡಲಿ ಅನ್ನುವುದು ಸರ್ಕಾರದ ಆಸೆ. ಕರ್ಟ್ ಲೆವಿನ್ ಗೃಹಿಣಿಯರನ್ನು ಎರಡು ಬಗೆಯ ಗುಂಪು ಮಾಡಿದರು. ಕೆಲವರಿಗೆ ಚೆನ್ನಾದ ಭಾಷಣ, ಪೌಷ್ಟಿಕಾಂಶದ ವಿವರ, ಅಡುಗೆ ವಿಧಾನ. ಉಳಿದವರು ಸೇರಿ ಕೂತು ತಮ್ಮತಮ್ಮಲ್ಲೇ ಮಾತಾಡಿ, ಕೊನೆಗೆ ಕೈ ಎತ್ತಿ ತೀರ್ಮಾನ ಮಾಡಿದರು. ಭಾಷಣ ಕೇಳಿದವರಲ್ಲಿ ಹೊಸ ಮಾಂಸ ಬಡಿಸಿದವರು ಶೇಕಡಾ 3. ಕೂತು ಮಾತಾಡಿದವರಲ್ಲಿ ಶೇಕಡಾ 32.

ಇಲಿಗಳಲ್ಲೂ ಇದು ಇದೆ ಅಂದರೆ ನಂಬುತ್ತೀರಾ? ಕೆನಡಾದ ಬೆನೆಟ್ ಗೇಲೆಫ್ ಕಂಡುಕೊಂಡದ್ದು ಇದು. ಹೊಸ ಆಹಾರ ತಿಂದು ಬಂದ ಇಲಿಯ ಬಾಯನ್ನು ಇನ್ನೊಂದು ಇಲಿ ಮೂಸುತ್ತದೆ. ಆಮೇಲೆ ಅದಕ್ಕೂ ಆ ಆಹಾರವೇ ಬೇಕು. ಬರೀ ಆಹಾರದ ವಾಸನೆ ತೋರಿಸಿದರೆ ಈ ಫಲ ಸಿಗುವುದಿಲ್ಲ. ಬದುಕಿರುವ ಇಲಿಯ ಉಸಿರು ಅದರ ಜೊತೆ ಬೆರೆತಿರಬೇಕು. ಇದನ್ನು ತಿಂದ ಒಬ್ಬರು ಇನ್ನೂ ಉಸಿರಾಡುತ್ತಿದ್ದಾರೆ! ಇದಕ್ಕಿಂತ ದೊಡ್ಡ ಭರವಸೆ ಏನಿದೆ.

ನಿಮ್ಮ ಆಫೀಸಿನ ಟೇಬಲ್ಲನ್ನು ಈಗ ಇನ್ನೊಮ್ಮೆ ನೋಡಿ. ನೀವು ಎದ್ದು ಹೋದ ದಿನವೂ ಅಲ್ಲಿ ಕೂತಿದ್ದವರು ನಗುತ್ತಾ ಅದನ್ನೇ ತಿನ್ನುತ್ತಿದ್ದರು. ಮುಂದೆ ಅವರೇ ನಿಮ್ಮ ಗೆಳೆಯರಾದರು. ಹೊಸ ಜಾಗದಲ್ಲಿ ಯಾರೂ ಇಲ್ಲದ ನಿಮಗೆ ಪಕ್ಕದಲ್ಲಿ ಜಾಗ ಕೊಟ್ಟವರು ಆ ಟೇಬಲ್ಲಿನವರು ಅಲ್ವಾ? ಚೀಸ್ ಇಲ್ಲದ ವಾರ ಏನೋ ಕಳೆದುಕೊಂಡ ಹಾಗೆ ಅನ್ನಿಸುವುದರಲ್ಲಿ ಅವರ ಪಾಲೂ ಇದೆ.

ನಿಮ್ಮ ಯಜಮಾನರಿಗೆ ಆ ಟೇಬಲ್ ಸಿಗಲಿಲ್ಲ. ಆ ಚೀಸಿನ ಪರಿಚಯ ಅವರಿಗೆ ಆದದ್ದು ಫ್ರಿಜ್ಜಿನ ಬಾಗಿಲಲ್ಲಿ, ಒಬ್ಬರೇ ಇದ್ದಾಗ, ಮೂಗಿನ ಮುಂಬಾಗಿಲಿಂದ. ನಾನು ಹೇಳಿದ ಎರಡು ಬಾಗಿಲು ನೆನಪಿದೆಯಲ್ಲ? ಇಂಥ ಚೀಸ್ ಮೂಸಿದಾಗ ಕಾಣುವ ಹಾಗೆ ಬಾಯಲ್ಲಿ ಇರುವುದಿಲ್ಲ. ಬಾಯಿಗೆ ಹೋದ ಮೇಲೆ ಉಪ್ಪು, ಕೊಬ್ಬು, ಉಮಾಮಿ ಎಲ್ಲ ಸೇರಿ ಅದೇ ವಾಸನೆ ಸೌಮ್ಯವಾಗುತ್ತದೆ. ಆರು ವರ್ಷ ಅವರಿಗೆ ಸಿಕ್ಕಿದ್ದು ಬರೀ ಒರಟು ಅರ್ಧ. ಬರ್ಚ್ ಹೇಳಿದ ಹಾಗೆ, ತಿನ್ನದೆ ರುಚಿಯ ಪರಿಚಯ ಆಗುವುದಿಲ್ಲ.

ಹುಟ್ಟುಗುಣವೂ ಇದೆ, ಅದನ್ನು ಮರೆಯಬಾರದು. 1931ರಲ್ಲಿ ಆರ್ಥರ್ ಫಾಕ್ಸ್ ಅನ್ನುವ ರಸಾಯನ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಪಿಟಿಸಿ ಅನ್ನುವ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವರು ತುಂಬಾ ಕಹಿ ಅಂದರು. ಫಾಕ್ಸ್‌ಗೆ ಏನೂ ಗೊತ್ತಾಗಲಿಲ್ಲ. ಆ ವ್ಯತ್ಯಾಸ ಬಹುಮಟ್ಟಿಗೆ ಒಂದೇ ಜೀನ್‌ನಿಂದ ಬರುತ್ತದೆ ಅಂತ ಈಗ ಗೊತ್ತಿದೆ. ಕೊತ್ತಂಬರಿ ಸೊಪ್ಪು ಕೆಲವರಿಗೆ ಸೋಪಿನ ಹಾಗೆ ಅನ್ನಿಸುವುದರಲ್ಲೂ ಜೀನ್‌ಗಳ ಪಾತ್ರ ಸ್ವಲ್ಪ ಇದೆ. ಹೊಸ ಆಹಾರಕ್ಕೆ ಹಿಂಜರಿಯುವ ಸ್ವಭಾವವೇ ಒಬ್ಬೊಬ್ಬರಿಗೆ ಒಂದೊಂದು ಮಟ್ಟದಲ್ಲಿರುತ್ತದೆ. 8ರಿಂದ 11 ವರ್ಷದ 5,390 ಜೋಡಿ ಅವಳಿ ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ, ಮಕ್ಕಳಲ್ಲಿ ಕಾಣುವ ಈ ವ್ಯತ್ಯಾಸದ ಶೇಕಡಾ 78ರಷ್ಟು ಅನುವಂಶಿಕ ಅಂತ ಅಂದಾಜು ಮಾಡಿತು. ಹಾಗಾಗಿ ನಿಮ್ಮವರನ್ನು ಹಟಮಾರಿ ಅನ್ನಬೇಡಿ. ನಿಮಗೆ ನಾಲ್ಕು ಮೆಟ್ಟಿಲಾದದ್ದು ಅವರಿಗೆ ನಲವತ್ತು ಆಗಿರಬಹುದು.

ಅಮ್ಮನಿಗೆ ಹೇಳಲು ನಿಮ್ಮ ಹತ್ತಿರ ಒಳ್ಳೆಯ ಮಾತೇ ಇದೆ. ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದ ಜೂಲಿ ಮೆನೆಲ್ಲಾ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವು ಗರ್ಭಿಣಿಯರು ಕೊನೆಯ ತಿಂಗಳುಗಳಲ್ಲಿ ವಾರಕ್ಕೆ 4 ದಿನದಂತೆ 3 ವಾರ ಕ್ಯಾರೆಟ್ ರಸ ಕುಡಿದರು. ಇನ್ನು ಕೆಲವರು ಹಾಲೂಡಿಸುವಾಗ ಕುಡಿದರು. ಮತ್ತೆ ಕೆಲವರು ಬರೀ ನೀರು. ತಿಂಗಳುಗಳ ನಂತರ ಮಕ್ಕಳಿಗೆ ಮೊದಲ ಸಲ ಕ್ಯಾರೆಟ್ ಬೆರೆಸಿದ ಗಂಜಿ ತಿನ್ನಿಸಿದಾಗ, ಅಮ್ಮನ ಮೂಲಕ ಆ ಪರಿಮಳ ಕಂಡಿದ್ದ ಮಕ್ಕಳು ಕಡಿಮೆ ಮುಖ ಕಿವುಚಿದರು. ಅಂದರೆ ನಿಮ್ಮ ಅಮ್ಮ ತಿಂದದ್ದರ ಪರಿಮಳ, ನೀವು ಹುಟ್ಟುವ ಮೊದಲೇ ನಿಮಗೆ ಪರಿಚಯವಾಗಿತ್ತು. ಅವರ ಅಡುಗೆಯನ್ನು ನೀವು ಇಷ್ಟಪಡಲು ಕಲಿತದ್ದು ಯಾವಾಗ ಅಂತ ನಿಮಗೆ ನೆನಪಿಲ್ಲ. ಅಷ್ಟು ಹಳೆಯದು ಅದು. ಚೀಸಿನದ್ದು ಮೊನ್ನೆ ಮೊನ್ನೆಯದು. ಹೊಸ ರುಚಿ ಬಂದು ಕೂರಲು ಹಳೆಯದು ಏಳಬೇಕಾಗಿಲ್ಲ. ಎರಡನೇ ಭಾಷೆ ಕಲಿತವರು ಮೊದಲನೆಯದನ್ನು ಮರೆಯುತ್ತಾರಾ? ಇದನ್ನು ಫೋನಿನಲ್ಲಿ ವಿವರಿಸುವುದಕ್ಕಿಂತ ಮುಂದಿನ ಸಲ ಹೋದಾಗ ಅವರ ಪಕ್ಕ ಕೂತು ಎರಡನೇ ಸಲ ಬಡಿಸಿಕೊಳ್ಳಿ.

ಯಜಮಾನರಿಗೆ ಮನಸ್ಸಿದ್ದರೆ ಮಾತ್ರ ಹೀಗೆ ಮಾಡಿ ನೋಡಿ. ವಾಸನೆ ಬಹುಪಾಲು ಸಿಪ್ಪೆಯಲ್ಲಿರುತ್ತದೆ, ಅದನ್ನು ಪೂರ್ತಿ ತೆಗೆದುಬಿಡಿ. ಚೀಸ್ ತಣ್ಣಗೇ ಇರಲಿ, ಬೆಚ್ಚಗಾದಷ್ಟೂ ವಾಸನೆ ಏಳುತ್ತದೆ. ಅವರಿಗೆ ಇಷ್ಟವಾದ ಬ್ರೆಡ್ಡಿನ ಮೇಲೆ ಉಗುರಿನಷ್ಟು ಚೀಸ್, ಮೇಲೆ ಒಂದು ಹನಿ ಜೇನು. ಹಸಿವಿದ್ದಾಗ ಕೊಡಿ, ನೆಗಡಿ ಜ್ವರ ಇದ್ದಾಗ ಬೇಡವೇ ಬೇಡ. ನೀವೂ ಜೊತೆಗೆ ತಿನ್ನಿ. ಹೇಗಿದೆ ಅಂತ ಕೇಳಬೇಡಿ, ಹೊಗಳಲೂ ಬೇಡಿ. ಉಗುಳಿದರೆ ಉಗುಳಲಿ. ವಾರಕ್ಕೆ ಒಂದೆರಡು ಸಲದಂತೆ ಹತ್ತು ಹದಿನೈದು ಸಲ ಆಗುವವರೆಗೆ ಯಾವ ತೀರ್ಮಾನಕ್ಕೂ ಬರಬೇಡಿ. ಅವರು ಬೇಡ ಅಂದರೆ ಗಾಳಿಯಾಡದ ಗಾಜಿನ ಡಬ್ಬಿ ಒಂದು ತಂದು, ಚೀಸನ್ನು ಅದರಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಅರೆಗೆ ಸೇರಿಸಿ.